ನೆನಪು ಅಳಿಸೋ ಕ್ಲಿನಿಕ್ ಮಡಿಕೇರೀಲಿ ತೆಗೆದ್ರೆ ಹೋಗ್ತೀರಾ?

ಕಾಫಿಕಣಿವೆ: ನಿನ್ನೆ ರಾತ್ರಿ ಮಳೆ, ಕರೆಂಟಿಲ್ಲ. ಲ್ಯಾಪ್‌ಟಾಪ್‌ನಲ್ಲಿ ಉಳಿದಿದ್ದ ಚಾರ್ಜಲ್ಲೇ 2004ರ ‘ಎಟರ್ನಲ್ ಸನ್‌ಶೈನ್ ಆಫ್ ದ ಸ್ಪಾಟ್‌ಲೆಸ್ ಮೈಂಡ್’ ಸಿನಿಮಾ ಮುಗಿಸಿದೆ. ಕ್ಲೆಮೆಂಟೈನ್ ಕ್ಲಿನಿಕ್ಕಿಗೆ ಹೋಗಿ ತನ್ನ ಹುಡುಗ ಜೋಯಲ್‌ನ ನೆನಪನ್ನೇ ಅಳಿಸಿಕೊಳ್ತಾಳೆ, ಸಿಟ್ಟಿಗೆ ಇವನೂ ಹೋಗ್ತಾನೆ. ಅರ್ಧದಲ್ಲಿ ಬೇಡ ಅನ್ಸುತ್ತೆ, ಆದ್ರೆ ನಿದ್ದೇಲಿದ್ದಾನೆ, ಕೂಗು ಯಾರಿಗೂ ಕೇಳಲ್ಲ. ಅಲ್ಲೀವರೆಗೂ ಸೂಪರ್. ಕೊನೆ ಮಾತ್ರ ಹುಚ್ಚು. ಕ್ಲಿನಿಕ್ಕಲ್ಲಿ ಒಬ್ಬರನ್ನೊಬ್ಬರು ಬೈದಿರೋ ಟೇಪ್ ಕೇಳಿದ ಮೇಲೂ ಮತ್ತೆ ಶುರು ಮಾಡೋದಾ?

ಗೋಣಿಕೊಪ್ಪದವಳು: ಮದುವೆ ಆದವರನ್ನ ಕೇಳಿ ಮಾರಾಯ್ರೆ. ದಿನಾ ಆ ಟೇಪ್ ಕೇಳ್ಕೊಂಡೇ ಕಾಫಿ ಮಾಡೋದು.

ಇಲಿಮರಿ: ಪೂರ್ತಿ ಕಟ್ಟುಕಥೆ ಅಂದ್ಕೋಬೇಡಿ. 2000ರಲ್ಲಿ ವಿಜ್ಞಾನಿ ಕರೀಂ ನಾದೇರ್ ತಂಡ, ಒಂದು ಸದ್ದು ಕೇಳಿದ್ರೆ ಶಾಕ್ ಹೊಡೆಯುತ್ತೆ ಅನ್ನೋ ಇಲಿಗಳ ಭಯದ ನೆನಪನ್ನ ಕೆದಕಿ, ತಕ್ಷಣ ಮೆದುಳಲ್ಲಿ ಭಯ ನೋಡ್ಕೊಳ್ಳೋ ಅಮಿಗ್ಡಲಾ ಅನ್ನೋ ಭಾಗಕ್ಕೆ ಪ್ರೋಟೀನ್ ತಯಾರಿ ತಡೆಯೋ ಔಷಧಿ ಕೊಟ್ಟರು. ಆಮೇಲೆ ಆ ಸದ್ದು ಕೇಳಿದ್ರೂ ಇಲಿಗಳು ಅಷ್ಟು ಹೆದರಲಿಲ್ಲ.

ಕಾಫಿಕಣಿವೆ: ಇಲಿಗೆ ಬ್ರೇಕಪ್ ಆಗಿರಲ್ಲವಲ್ಲ.

ಗೋಣಿಕೊಪ್ಪದವಳು: ಕ್ಲಿನಿಕ್ಕಿನ ಮೇರಿ ನೆನಪಿಲ್ವಾ? ಡಾಕ್ಟ್ರ ಜೊತೆಗಿನ ಸಂಬಂಧ ಅಳಿಸಿಕೊಂಡೂ ಅದೇ ಡಾಕ್ಟ್ರಿಗೆ ಮತ್ತೆ ಮುತ್ತು ಕೊಡ್ತಾಳೆ. ಅಳಿಸಿ ಏನು ಬಂತು?

ಹೂಮಳೆ: ನೆನಪಿನ ಸಾಮಾನೆಲ್ಲ ಚೀಲಕ್ಕೆ ತುಂಬಿ ತನ್ನಿ ಅಂತಾರಲ್ಲ ಕ್ಲಿನಿಕ್ಕಿನವರು, ನಾನು ಸಿಕ್ಕಿಬೀಳೋದು ಅಲ್ಲೇ. ಒಂದು ಸ್ವೆಟರ್, ಎರಡು ಪತ್ರ ಕೊಟ್ಟೇನು. ಮಾರ್ಚಲ್ಲಿ ಹೂಮಳೆ ಬಿದ್ದು ಎಂಟ್ಹತ್ತು ದಿನಕ್ಕೆ ಕಾಫಿ ತೋಟ ಹೂಬಿಟ್ಟು ಬೆಳ್ಳಗಾಗುತ್ತೆ, ಮಲ್ಲಿಗೆಯಂಥ ಆ ಘಮ ಗೇಟಿನ ತನಕ ಬರುತ್ತೆ. ಅವನು ಬೈಕ್ ಆಫ್ ಮಾಡದೇನೇ ‘ಇನ್ನು ಬರಲ್ಲ’ ಅಂದಿದ್ದು ಅಂಥ ಬೆಳಗ್ಗೆ. ತೋಟಾನ ಯಾವ ಚೀಲಕ್ಕೆ ತುಂಬಲಿ?

ಕಾಫಿಕಣಿವೆ: ಸರಿ, ಚೀಲದ ಮಾತು ಒಪ್ಪಿದೆ. ಕೊನೆ ಇನ್ನೂ ಒಪ್ಪಿಲ್ಲ.

ಗುಡ್ಡದಬದಿ: 2018ರ ಆಗಸ್ಟಲ್ಲಿ ಮಕ್ಕಂದೂರು ಕಡೆ ಗುಡ್ಡ ಜಾರಿದಾಗ ನಮ್ಮನೆಯೂ ಹೋಯ್ತು. ಹೆಂಡತಿ ತೀರಿಕೊಂಡು ಆಗ ಎರಡು ವರ್ಷ. ಅವಳ ಸೀರೆ, ಮದುವೆ ಆಲ್ಬಂ, ಎಲ್ಲ ಮಣ್ಣಲ್ಲಿ. ನಿಮ್ಮ ಸಿನಿಮಾದ ಚೀಲ ನನಗೆ ಗುಡ್ಡವೇ ತುಂಬಿಕೊಡ್ತು. ಮುಖ ಈಗ ಮಸುಕು, ಫೋಟೊ ಇಲ್ಲದೆ ಮೂಗು ಹೇಗಿತ್ತು ಅಂತ ಯೋಚಿಸಬೇಕು. ಬೈಗುಳ ಮಾತ್ರ ಸ್ಪಷ್ಟ ಕೇಳುತ್ತೆ: ‘ಕೆಸರು ಚಪ್ಪಲಿ ಹೊರಗೆ ಬಿಡಿ ಅಂದ್ನಲ್ಲ!’ ಆ ಟೇಪ್ ನನಗೆ ಸಿಕ್ಕಿದ್ರೆ ದಿನಾ ಹಾಕ್ಕೊಂಡು ಕೂರ್ತಿದ್ದೆ.

ಗೋಣಿಕೊಪ್ಪದವಳು: ಅಣ್ಣಾ, ಚಪ್ಪಲಿ ಈಗ ಎಲ್ಲಿ ಬಿಡ್ತೀರಾ?

ಗುಡ್ಡದಬದಿ: ಹೊರಗೇ. ಮಳೆಗೆ ನೆನೀತವೆ.