ಕಾಲ್ಪನಿಕ ಅಂತರಿಕ್ಷನೌಕೆಗಳ ವಿಂಗಡಣೆ: ಉದ್ದ ನೋಡಬೇಕೋ, ಕೆಲಸ ನೋಡಬೇಕೋ?

ತಾರಾಪಥಿಕ (ಪ್ರಶ್ನೆ)

ಬೇರೆ ಬೇರೆ ಕಥಾಲೋಕಗಳ ನೌಕೆಗಳನ್ನು ಒಂದೇ ಪಟ್ಟಿಗೆ ತಂದು, ಮೇಜಿನ ಮೇಲೆ ಆಡುವ ಯುದ್ಧದಾಟಕ್ಕೆ ಬಳಸಬೇಕಾಗಿದೆ. ಸದ್ಯಕ್ಕೆ ಉದ್ದವನ್ನೇ ಹಿಡಿದು, ಕಡಲ ಯುದ್ಧಹಡಗುಗಳ ಬಗೆಗಳ ಹೆಸರಿಟ್ಟು ವಿಂಗಡಿಸಿದ್ದೇನೆ: 100 ಮೀಟರ್‌ವರೆಗೆ ಕಾರ್ವೆಟ್, 300ರವರೆಗೆ ಫ್ರಿಗೇಟ್, 600ರವರೆಗೆ ಡೆಸ್ಟ್ರಾಯರ್, 1,000ದವರೆಗೆ ಕ್ರೂಸರ್, ಅದಕ್ಕಿಂತ ದೊಡ್ಡದೆಲ್ಲ ಬ್ಯಾಟಲ್‌ಶಿಪ್.

ಆದರೆ ಹೊಂದಾಣಿಕೆಯೇ ಆಗುತ್ತಿಲ್ಲ. ಸ್ಟಾರ್ ಟ್ರೆಕ್‌ನ ಮೊದಲ ಎಂಟರ್‌ಪ್ರೈಸ್ 289 ಮೀಟರ್. ಅಲ್ಲಿ ಅದು ಹೆವಿ ಕ್ರೂಸರ್, ನನ್ನ ಪಟ್ಟಿಯಲ್ಲಿ ಫ್ರಿಗೇಟ್. ಸ್ಟಾರ್ ವಾರ್ಸ್‌ನ ಇಂಪೀರಿಯಲ್ ಸ್ಟಾರ್ ಡೆಸ್ಟ್ರಾಯರ್ 1,600 ಮೀಟರ್ ಉದ್ದವಿದ್ದು ಹೆಸರಲ್ಲೇ ಡೆಸ್ಟ್ರಾಯರ್ ಅಂತಿದೆ. ಎಕ್ಸ್‌ಪ್ಯಾನ್ಸ್ ಕಥಾಸರಣಿಯ ರೋಸಿನಾಂಟೆ 46 ಮೀಟರ್, ಅದನ್ನು ಅವರು ಫ್ರಿಗೇಟ್ ಅನ್ನುತ್ತಾರೆ. ಗೋಳಾಕಾರದ ನೌಕೆಗಳ ವಿಷಯದಲ್ಲಂತೂ ಉದ್ದ ಅನ್ನುವುದಕ್ಕೇ ಅರ್ಥವಿಲ್ಲ.

ಗಾತ್ರಕ್ಕೆ ಯಾವ ಅಳತೆ ಹಿಡಿಯಬೇಕು? ಕೆಲಸವನ್ನು ಹೇಗೆ ಗುರುತಿಸಬೇಕು? ಎರಡು ಆಕರಗಳು ಎರಡು ಅಳತೆ ಕೊಟ್ಟಾಗ ಏನು ಮಾಡಬೇಕು?

---

ಘನಮೀಟರ್

ಉದ್ದವನ್ನು ಇವತ್ತೇ ಬಿಟ್ಟುಬಿಡಿ. ಅದು ಎಷ್ಟು ಕೆಟ್ಟ ಅಳತೆ ಅನ್ನುವುದಕ್ಕೆ ಸಮುದ್ರದ ಹಡಗುಗಳೇ ಸಾಕ್ಷಿ. ಬ್ರಿಟನ್ನಿನ ಹುಡ್ (1920) 262 ಮೀಟರ್, ಜಪಾನಿನ ಯಮಾಟೊ (1941) 263 ಮೀಟರ್, ನಮ್ಮ ಈಗಿನ ವಿಕ್ರಾಂತ್ (2022) 262 ಮೀಟರ್. ಪಕ್ಕಪಕ್ಕ ನಿಲ್ಲಿಸಿದರೆ ಉದ್ದದಲ್ಲಿ ಮೂರೂ ಒಂದೇ. ಆದರೆ ಹುಡ್ ಸುಮಾರು 47,000 ಟನ್ನಿನ ಬ್ಯಾಟಲ್‌ಕ್ರೂಸರ್, ಯಮಾಟೊ ಸುಮಾರು 72,000 ಟನ್ನಿನ ಬ್ಯಾಟಲ್‌ಶಿಪ್, ವಿಕ್ರಾಂತ್ ಸುಮಾರು 45,000 ಟನ್ನಿನ ವಿಮಾನವಾಹಕ. ನೀರಿನ ಮೇಲೆ ತೇಲಬೇಕಾದ ಹಡಗಿನ ಆಕಾರಕ್ಕೆ ಕಟ್ಟುಪಾಡುಗಳಿವೆ. ಅಷ್ಟಿದ್ದೂ ಇಷ್ಟು ವ್ಯತ್ಯಾಸ. ನಿರ್ವಾತದಲ್ಲಿ ಓಡುವ ನೌಕೆಗೆ ಆ ಕಟ್ಟುಪಾಡೂ ಇಲ್ಲ.

ಹಿಡಿಯಬೇಕಾದದ್ದು ಘನಫಲ. ಲೆಕ್ಕ ಹೀಗೆ:

1. ಉದ್ದ, ಅಗಲ, ಎತ್ತರ ಮೂರನ್ನೂ ಗುಣಿಸಿ. ಇದು ನೌಕೆಯನ್ನು ಪೂರ್ತಿ ಹಿಡಿಸುವ ಪೆಟ್ಟಿಗೆ.

2. ಅದನ್ನು ಆಕಾರದ ಗುಣಾಂಕದಿಂದ ಗುಣಿಸಿ. ಇಟ್ಟಿಗೆಯಂಥದ್ದಕ್ಕೆ 1, ಉರುಳೆಗೆ 0.79, ಗೋಳ ಅಥವಾ ಮೊಟ್ಟೆಯಾಕಾರಕ್ಕೆ 0.52, ಮೇಲಿನಿಂದ ತ್ರಿಕೋನವಾಗಿದ್ದು ದಪ್ಪ ಒಂದೇ ಸಮ ಇರುವುದಕ್ಕೆ 0.5. ಸ್ಟಾರ್ ಡೆಸ್ಟ್ರಾಯರ್‌ನ ಹಾಗೆ ಮೂತಿಯ ಕಡೆ ಅಗಲ, ಎತ್ತರ ಎರಡೂ ಚೂಪಾಗುತ್ತ ಹೋಗಿ, ಅಡ್ಡ ಕೊಯ್ದರೆ ವಜ್ರಾಕೃತಿ ಕಾಣುವುದಕ್ಕೆ ಬರೀ 0.17. ಇಲ್ಲಿ 0.5 ಹಾಕಿದರೆ ನೌಕೆ ಮೂರು ಪಟ್ಟು ಉಬ್ಬುತ್ತದೆ; ಬಹಳ ಪಟ್ಟಿಗಳು ಕೆಡುವುದು ಇಲ್ಲೇ.

3. ಕಂಬ, ಕೊಂಬು, ತಟ್ಟೆ ಜೋಡಿಸಿದಂಥ ನೌಕೆಗಳಿಗೆ ಒಂದೇ ಪೆಟ್ಟಿಗೆ ಬೇಡ, ಭಾಗಭಾಗವಾಗಿ ಲೆಕ್ಕ ಹಾಕಿ ಕೂಡಿಸಿ. ಎಂಟರ್‌ಪ್ರೈಸ್‌ನ ತಟ್ಟೆಯ ವ್ಯಾಸ 127 ಮೀಟರ್, ಸರಾಸರಿ ದಪ್ಪ 9 ಮೀಟರ್ ಹಿಡಿದರೆ ಸುಮಾರು 1.1 ಲಕ್ಷ ಘನ ಮೀಟರ್. ಕೆಳಗಿನ ಒಡಲು, ಎರಡು ಎಂಜಿನ್ ಕೊಳವೆಗಳು ಸೇರಿದರೆ ಒಟ್ಟು 2 ಲಕ್ಷದ ಆಸುಪಾಸು.

ಈಗ ನಿಮ್ಮ ಗೋಳದ ಸಂಗತಿ. ಟ್ರಾವೆಲರ್ ಆಟದ ಟೈಗ್ರೆಸ್ ಗೋಳಾಕಾರದ ಡ್ರೆಡ್‌ನಾಟ್ (ಭಾರಿ ಸಮರನೌಕೆ), 5 ಲಕ್ಷ ಟನ್. ಆ ಆಟದಲ್ಲಿ ಟನ್ ಅಂದರೆ ತೂಕವಲ್ಲ, ಒಂದು ಟನ್ ದ್ರವ ಜಲಜನಕ ಹಿಡಿಸುವ ಜಾಗ, ಹೆಚ್ಚುಕಡಿಮೆ 14 ಘನ ಮೀಟರ್. ಆ ಲೆಕ್ಕಕ್ಕೆ 70 ಲಕ್ಷ ಘನ ಮೀಟರ್ ಆಯಿತು. ಅಷ್ಟು ಹಿಡಿಸುವ ಗೋಳದ ವ್ಯಾಸ 237 ಮೀಟರ್ ಮಾತ್ರ. ಅಂದರೆ 289 ಮೀಟರ್ ಎಂಟರ್‌ಪ್ರೈಸ್‌ಗಿಂತ ಗಿಡ್ಡ, ಆದರೆ ಒಳಗೆ ಸುಮಾರು 35 ಪಟ್ಟು ಜಾಗ. ನಿಮ್ಮ ಉದ್ದದ ಪಟ್ಟಿಯಲ್ಲಿ ಇವೆರಡೂ ಫ್ರಿಗೇಟ್.

ದರ್ಜೆ ಕೊಡಲು ಸುಲಭದ ದಾರಿ: ಘನ ಮೀಟರ್‌ನ ಸಂಖ್ಯೆಯಲ್ಲಿ ಎಷ್ಟು ಅಂಕಿಗಳಿವೆಯೋ ಅದೇ ದರ್ಜೆ. ಎಂಟರ್‌ಪ್ರೈಸ್ 6, ಟೈಗ್ರೆಸ್ 7. ಸ್ಟಾರ್ ಡೆಸ್ಟ್ರಾಯರ್‌ಗೆ ಅಗಲ 950, ಎತ್ತರ 450 ಎಂದು ಹಿಡಿದರೆ ಸುಮಾರು 11.6 ಕೋಟಿ ಘನ ಮೀಟರ್, ದರ್ಜೆ 9. ಸ್ಪ್ರೆಡ್‌ಶೀಟ್‌ನಲ್ಲಿ ಹತ್ತರ ಲಾಗರಿದಮ್ ತೆಗೆದು, ದಶಮಾಂಶ ಕತ್ತರಿಸಿ, 1 ಕೂಡಿಸಿದರೆ ತಾನಾಗಿ ಬರುತ್ತದೆ.

ಈ ಅಗಲವಾದ ಮೆಟ್ಟಿಲುಗಳಿಂದ ಇನ್ನೊಂದು ಅನುಕೂಲವಿದೆ. ಉದ್ದದಲ್ಲಿ 10% ತಪ್ಪಿದರೆ ಘನಫಲದಲ್ಲಿ 33% ತಪ್ಪುತ್ತದೆ, ಆದರೂ ಬಹುಪಾಲು ನೌಕೆಗಳ ದರ್ಜೆ ಬದಲಾಗುವುದಿಲ್ಲ.

---

ಲಂಗರು

ಗಾತ್ರದ ಮಟ್ಟಿಗೆ ಘನಮೀಟರ್ ಹೇಳಿದ್ದು ಸರಿ. ಆದರೆ ಕಾರ್ವೆಟ್, ಫ್ರಿಗೇಟ್, ಡೆಸ್ಟ್ರಾಯರ್ ಅನ್ನುವ ಹೆಸರುಗಳನ್ನು ಗಾತ್ರದ ಮೆಟ್ಟಿಲಿಗೆ ಕಟ್ಟಿದ್ದೇ ಮೂಲ ತೊಂದರೆ. ನೌಕಾಪಡೆಗಳಲ್ಲಿ ಆ ಹೆಸರುಗಳು ಎಂದೂ ಬರೀ ಗಾತ್ರದಿಂದ ಬಂದಿಲ್ಲ.

ಡೆಸ್ಟ್ರಾಯರ್ ಹುಟ್ಟಿದ್ದು ಟಾರ್ಪಿಡೊ ದೋಣಿಗಳನ್ನು ಅಟ್ಟಿಸಿಕೊಂಡು ಹೋಗಿ ಹೊಡೆಯಲು. 1893ರ ಬ್ರಿಟಿಷ್ ಡೆಸ್ಟ್ರಾಯರ್ ಹ್ಯಾವಕ್ ಸುಮಾರು 275 ಟನ್. ಇವತ್ತಿನ ಭಾರತೀಯ ಡೆಸ್ಟ್ರಾಯರ್ ವಿಶಾಖಪಟ್ಟಣಂ 7,400 ಟನ್, 163 ಮೀಟರ್. ಅದೇ ಪಡೆಯ ಫ್ರಿಗೇಟ್ ನೀಲಗಿರಿ 6,670 ಟನ್, 149 ಮೀಟರ್. ಎರಡು ಬಗೆಗಳ ನಡುವೆ 700 ಟನ್ನಿನ ಅಂತರ, ಒಂದೇ ಬಗೆಯ ಎರಡು ತಲೆಮಾರುಗಳ ನಡುವೆ 27 ಪಟ್ಟಿನ ಅಂತರ! ಹಾಗಾಗಿ ಪಟ್ಟಿಯಲ್ಲಿ ಕಾಲದ ಅಂಕಣ ಇರಲೇಬೇಕು. ಒಂದೇ ಕಥಾಲೋಕದಲ್ಲಿ ನೂರು ವರ್ಷ ಅಂತರದ ಎರಡು ನೌಕೆಗಳನ್ನು ಒಂದೇ ಅಳತೆಗೋಲಿನಿಂದ ಅಳೆಯಬಾರದು. ಆಯಾ ಕಾಲದ, ಆಯಾ ಪಡೆಯ ಉಳಿದ ನೌಕೆಗಳ ಜೊತೆ ಹೋಲಿಸಿ.

ಕಾನೂನು ಹೆಸರನ್ನು ಬದಲಿಸಿದ್ದೂ ಇದೆ. ನೌಕಾಪಡೆಗಳಿಗೆ ಮಿತಿ ಹಾಕಿದ 1930ರ ಲಂಡನ್ ಒಪ್ಪಂದ ಕ್ರೂಸರ್‌ಗಳನ್ನು ಒಡೆದದ್ದು ಫಿರಂಗಿಯ ಬಾಯಿಯ ಅಳತೆಯಿಂದ: 155 ಮಿಲಿಮೀಟರ್‌ವರೆಗೆ ಒಂದು ಗುಂಪು, ಅದಕ್ಕಿಂತ ಮೇಲೆ 203ರವರೆಗೆ ಇನ್ನೊಂದು. ಜಪಾನಿನ ಮೊಗಾಮಿ 155 ಮಿಲಿಮೀಟರಿನ 15 ಫಿರಂಗಿ ಹೊತ್ತು ಹಗುರ ಕ್ರೂಸರ್ ಎನಿಸಿಕೊಂಡಿತು, ಮುಂದೆ ಅವನ್ನು ಕಿತ್ತು 203ರ 10 ಫಿರಂಗಿ ಹಾಕಿದರು. ಒಡಲು ಅದೇ, ಗುಂಪು ಬೇರೆ. ಅಮೆರಿಕ 1975ರಲ್ಲಿ ತನ್ನ ದೊಡ್ಡ ಫ್ರಿಗೇಟ್‌ಗಳಲ್ಲಿ ಬಹುಪಾಲನ್ನು ಕಾಗದದ ಮೇಲೆಯೇ ಕ್ರೂಸರ್ ಮಾಡಿತು. ಜಪಾನಿನ ಇಜುಮೊ 248 ಮೀಟರಿನ ಚಪ್ಪಟೆ ಅಟ್ಟದ ಹಡಗು, ದಾಖಲೆಯಲ್ಲಿ ಹೆಲಿಕಾಪ್ಟರ್ ಡೆಸ್ಟ್ರಾಯರ್. ಅಲ್ಲಿ ಆ ಹೆಸರು ರಾಜಕೀಯದ ಮಾತು, ತಾಂತ್ರಿಕ ಮಾತಲ್ಲ.

ಒಳ್ಳೆಯ ಕಥಾಲೋಕ ಕಟ್ಟುವವರಿಗೆ ಇದು ಗೊತ್ತಿರುತ್ತದೆ. ಮಾಸ್ ಎಫೆಕ್ಟ್ ವಿಡಿಯೊ ಆಟದಲ್ಲಿ ಡ್ರೆಡ್‌ನಾಟ್‌ಗಳ ಸಂಖ್ಯೆಗೆ ಒಪ್ಪಂದದ ಮಿತಿ ಇದೆ, ಜನಾಂಗಗಳ ನಡುವೆ 5:3:1 ಅನುಪಾತ. ಬ್ರಿಟನ್, ಅಮೆರಿಕ, ಜಪಾನ್‌ಗಳಿಗೆ 5:5:3 ಎಂದು ಹಂಚಿದ 1922ರ ವಾಷಿಂಗ್ಟನ್ ಒಪ್ಪಂದದ ನೆರಳು ಅದರಲ್ಲಿ ಸ್ಪಷ್ಟ. ಅಂಥ ಲೋಕದಲ್ಲಿ ಒಂದು ನೌಕೆಯನ್ನು ಡ್ರೆಡ್‌ನಾಟ್ ಎಂದು ಕರೆಯದಿರುವುದೇ ಒಂದು ರಾಜಕೀಯ ನಡೆ. ನಿಮ್ಮ ಪಟ್ಟಿ ಅದನ್ನು ಅಳಿಸಿಹಾಕಬಾರದು.

ನನ್ನ ಸಲಹೆ ಮೂರು ಪ್ರತ್ಯೇಕ ಅಂಕಣ. ಒಂದರಲ್ಲಿ ಗಾತ್ರದ ದರ್ಜೆ, ಬರೀ ಅಂಕಿ. ಇನ್ನೊಂದರಲ್ಲಿ ನೀವು ನಿರ್ಧರಿಸಿದ ಕೆಲಸ. ಮೂರನೆಯದರಲ್ಲಿ ಕಥೆಯೊಳಗಿನ ಹೆಸರು ಇದ್ದಹಾಗೆ. ಮೂರನೆಯದನ್ನು ತಿದ್ದಬೇಡಿ, ಲೆಕ್ಕಕ್ಕೂ ತರಬೇಡಿ. ರೋಸಿನಾಂಟೆ ಇದಕ್ಕೆ ಒಳ್ಳೆಯ ಪರೀಕ್ಷೆ: ಬಗೆಯಲ್ಲಿ ಫ್ರಿಗೇಟ್, ಆ ವಿನ್ಯಾಸದ ಸರಣಿಯ ಹೆಸರು ಮಾತ್ರ ಕಾರ್ವೆಟ್. ಸರಣಿಯ ಹೆಸರಿಗೂ ಬಗೆಗೂ ಒಂದೇ ಅಂಕಣ ಕೊಟ್ಟರೆ ಹುಡುಕುವಾಗ ಎರಡೂ ಕಲಸಿಹೋಗುತ್ತವೆ.

---

ತಾರಾಪಥಿಕ

ಮೂರು ಅಂಕಣ ಒಪ್ಪಿದೆ. ಕೆಲಸದ ಅಂಕಣವೇ ಕಷ್ಟ. ಸ್ಟಾರ್ ಡೆಸ್ಟ್ರಾಯರ್ 72 ಯುದ್ಧವಿಮಾನ ಒಯ್ಯುತ್ತದೆ, 9,700 ಸೈನಿಕರನ್ನೂ ಒಯ್ಯುತ್ತದೆ, ಜೊತೆಗೆ ಭಾರಿ ಫಿರಂಗಿಗಳು. ಹಾಗಾದರೆ ವಾಹಕವೋ, ಸೈನ್ಯ ಇಳಿಸುವ ನೌಕೆಯೋ, ಸಮರನೌಕೆಯೋ?

---

ಘನಮೀಟರ್

ಎಣಿಕೆ ನೋಡಬೇಡಿ, ಪಾಲು ನೋಡಿ. ಒಂದು ವಿಮಾನ ನಿಲ್ಲಲು 10×10×10, ಅಂದರೆ 1,000 ಘನ ಮೀಟರ್ ಕೊಡಿ. ದುರಸ್ತಿ, ಇಂಧನ, ಬಿಡಿಭಾಗ, ಓಡಾಟ ಸೇರಿಸಿ ಅದನ್ನು ಐದು ಪಟ್ಟು ಮಾಡಿ. 72 ವಿಮಾನಗಳಿಗೆ 3.6 ಲಕ್ಷ ಘನ ಮೀಟರ್. ಒಟ್ಟು 11.6 ಕೋಟಿಯಲ್ಲಿ ಇದು 0.3%. ನಿಮಿಟ್ಜ್ ಅಂಥ ಸುಮಾರು 1 ಲಕ್ಷ ಟನ್ನಿನ ನಿಜವಾದ ವಾಹಕ 60ಕ್ಕೂ ಹೆಚ್ಚು ವಿಮಾನ ಒಯ್ಯುತ್ತದೆ, ಅದರ ಅಟ್ಟ, ಲಿಫ್ಟ್, ಶಸ್ತ್ರಾಗಾರ ಎಲ್ಲ ಆ ಕೆಲಸಕ್ಕೇ ಮೀಸಲು. ಅದಕ್ಕೆ ಹೋಲಿಸಿದರೆ ಸ್ಟಾರ್ ಡೆಸ್ಟ್ರಾಯರ್ ವಿಮಾನಗಳನ್ನೂ ಇಟ್ಟುಕೊಂಡಿರುವ ಸಮರನೌಕೆ. ಸೈನ್ಯ ಇಳಿಸುವುದು ಅದರ ಎರಡನೇ ಕೆಲಸ, ವಿಮಾನ ಮೂರನೆಯದು.

ಪಾಲು ಲೆಕ್ಕ ಹಾಕುವಾಗ ಎಂಜಿನ್, ಇಂಧನ, ಸಿಬ್ಬಂದಿಯ ವಾಸ ಇವನ್ನು ಮೊದಲು ಕಳೆಯಿರಿ. ಅವು ಎಲ್ಲ ನೌಕೆಗೂ ಬೇಕು. ಉಳಿದ ಜಾಗದಲ್ಲಿ ಯಾವುದು ದೊಡ್ಡದೋ ಅದೇ ಮುಖ್ಯ ಕೆಲಸ. ಎರಡನೆಯದು ಮೊದಲಿನ ಅರ್ಧಕ್ಕಿಂತ ಹೆಚ್ಚಿದ್ದರೆ ಎರಡನ್ನೂ ಬರೆಯಿರಿ, ಇಲ್ಲದಿದ್ದರೆ ಬೇಡ.

ಇಂಧನದ ಪಾಲನ್ನು ಮಾತ್ರ ಬೇರೆ ಅಂಕಣದಲ್ಲಿ ಉಳಿಸಿಕೊಳ್ಳಿ, ಅದು ಬಹಳ ಹೇಳುತ್ತದೆ. ಟ್ರಾವೆಲರ್‌ನಲ್ಲಿ ಒಂದು ಪಾರ್ಸೆಕ್ (ನಕ್ಷತ್ರಗಳ ನಡುವಿನ ದೂರದ ಅಳತೆ) ಜಿಗಿತಕ್ಕೆ ಒಡಲಿನ 10% ಇಂಧನಕ್ಕೆ ಹೋಗುತ್ತದೆ. 200 ಟನ್ನಿನ ಫ್ರೀ ಟ್ರೇಡರ್ ಒಂದು ಪಾರ್ಸೆಕ್ ಮಾತ್ರ ಜಿಗಿಯುವುದರಿಂದ 20 ಟನ್ ಕೊಟ್ಟು ಪಾರಾಗುತ್ತದೆ. ನಾಲ್ಕು ಪಾರ್ಸೆಕ್ ಜಿಗಿಯುವ ನೌಕೆ 40% ಕಳೆದುಕೊಳ್ಳುತ್ತದೆ. ಒಂದೇ ಗಾತ್ರದ ಎರಡು ನೌಕೆಗಳಲ್ಲಿ ದೂರ ಹೋಗುವ ನೌಕೆಯಲ್ಲಿ ಫಿರಂಗಿ ಕಡಿಮೆ ಇರುವುದು ಇದಕ್ಕೇ.

---

ಎಂಟನೇಗ್ರಹ

ಪಾಲಿನ ಲೆಕ್ಕ ಒಳನಕ್ಷೆ ಸಿಕ್ಕಾಗ ಸರಿ. ನಕ್ಷೆಯೇ ಇಲ್ಲದ ನೌಕೆಗಳೇ ಹೆಚ್ಚು. ಆಗ ಕಥೆಯಲ್ಲಿ ನೌಕೆ ಹೇಗೆ ನಡೆದುಕೊಳ್ಳುತ್ತದೆ ಎಂದು ನೋಡಿ. ಒಂಟಿಯಾಗಿ ಹೋಗುತ್ತದೆಯೇ? ನೆಲೆಗೆ ಮರಳದೆ ಎಷ್ಟು ದಿನ ಇರಬಲ್ಲದು? ಯಾರನ್ನಾದರೂ ಕಾಯುತ್ತದೆಯೇ, ಅಥವಾ ಅದನ್ನೇ ಯಾರಾದರೂ ಕಾಯುತ್ತಾರೆಯೇ?

ಐದು ವರ್ಷದ ಯಾನಕ್ಕೆ ಒಂಟಿಯಾಗಿ ಹೊರಡುವ ಎಂಟರ್‌ಪ್ರೈಸ್ ಎಷ್ಟೇ ಚಿಕ್ಕದಿರಲಿ ಕ್ರೂಸರ್. ಹಳೆಯ ಕ್ರೂಸರ್‌ಗಳ ಕೆಲಸವೂ ಅದೇ: ದೂರದ ಕಡಲಲ್ಲಿ ತನ್ನಷ್ಟಕ್ಕೆ ತಾನು ಧ್ವಜ ತೋರಿಸುತ್ತ ತಿರುಗುವುದು. ದೊಡ್ಡ ನೌಕೆಯ ಬೆನ್ನಿಗಂಟಿಕೊಂಡು ಕಾವಲು ಹೋಗುವುದು ಬೆಂಗಾವಲು, ಅದನ್ನು ಫ್ರಿಗೇಟ್ ಅನ್ನಿ ಡೆಸ್ಟ್ರಾಯರ್ ಅನ್ನಿ. ಕಾವಲಿಲ್ಲದೆ ಎಲ್ಲಿಗೂ ಕಳಿಸದ ನೌಕೆ ಪಡೆಯ ತಿರುಳು: ವಾಹಕ ಅಥವಾ ಸಮರನೌಕೆ.

ಹೊಡೆತದ ಬಲಕ್ಕೂ ಬೇರೆ ಅಂಕಣ ಬೇಕು. ಕಾರವಾರದ ಕಡಲತೀರದಲ್ಲಿ ವಸ್ತುಸಂಗ್ರಹಾಲಯವಾಗಿ ನಿಂತಿರುವ ಚಪಲ್ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. 40 ಮೀಟರೂ ಇಲ್ಲದ ದೋಣಿ, ಮೇಲೆ ನಾಲ್ಕು ದೊಡ್ಡ ಕ್ಷಿಪಣಿ. 1967ರಲ್ಲಿ ಇಸ್ರೇಲಿನ ಡೆಸ್ಟ್ರಾಯರ್ ಐಲಾಟ್ ಮುಳುಗಿದ್ದು ಅದಕ್ಕಿಂತಲೂ ಚಿಕ್ಕ ಕ್ಷಿಪಣಿ ದೋಣಿಗಳ ಹೊಡೆತಕ್ಕೆ. ನಿಮ್ಮ ಆಟದಲ್ಲಿ 4ನೇ ದರ್ಜೆಯ ಟಾರ್ಪಿಡೊ ನೌಕೆ 7ನೇ ದರ್ಜೆಯದನ್ನು ಮುಳುಗಿಸಲು ಸಾಧ್ಯವಿರಬೇಕು, ಆದರೆ ಅದರ ಬಳಿ ಒಂದೇ ಸುತ್ತಿನ ಮದ್ದು ಇರಬೇಕು. ಗಾತ್ರದ ದರ್ಜೆಯಿಂದಲೇ ಹೊಡೆತದ ಅಂಕ ತೆಗೆದರೆ ಈ ಬಗೆಯ ನೌಕೆಗೆ ಆಟದಲ್ಲಿ ಜಾಗವೇ ಉಳಿಯುವುದಿಲ್ಲ.

ಆಕರಗಳು ಜಗಳವಾಡಿದಾಗ ಸರಾಸರಿ ತೆಗೆಯಬೇಡಿ. ಸ್ಟಾರ್ ವಾರ್ಸ್‌ನ ಖಳ ಡಾರ್ತ್ ವೇಡರ್‌ನ ನೌಕೆ ಎಕ್ಸಿಕ್ಯೂಟರ್ ಹಳೆಯ ಆಕರಗಳಲ್ಲಿ 8 ಕಿಲೋಮೀಟರ್, ಈಗ 19. ಸರಾಸರಿ 13.5 ಅನ್ನುವುದು ಯಾವ ಆಕರದಲ್ಲೂ ಇಲ್ಲದ, ತೆರೆಯ ಮೇಲಿನ ಯಾವ ಚಿತ್ರಕ್ಕೂ ಹೊಂದದ ನೌಕೆ. ಒಂದೇ ಚೌಕಟ್ಟಿನಲ್ಲಿ ಎರಡು ನೌಕೆ ಕಾಣುವ ದೃಶ್ಯ ಸಿಕ್ಕರೆ ಅದರಿಂದ ಅನುಪಾತ ತೆಗೆಯಿರಿ, ಎರಡೂ ಕ್ಯಾಮೆರಾದಿಂದ ಒಂದೇ ದೂರದಲ್ಲಿವೆಯೇ ಎಂದು ಮೊದಲು ಖಚಿತಪಡಿಸಿಕೊಂಡು. ಸಿಗದಿದ್ದರೆ ಹೊಸ ಅಧಿಕೃತ ಅಂಕಿ ಹಿಡಿದು, ಹಳೆಯದನ್ನು ಟಿಪ್ಪಣಿಯಲ್ಲಿಡಿ. ಸ್ಟಾರ್ ಡೆಸ್ಟ್ರಾಯರ್‌ನ ಆಕಾರವನ್ನೇ ಹಿಗ್ಗಿಸಿದ್ದು ಎಂದುಕೊಂಡರೆ 8 ಕಿಲೋಮೀಟರಿಗೆ 125 ಪಟ್ಟು, 19ಕ್ಕೆ ಸುಮಾರು 1,675 ಪಟ್ಟು ಘನಫಲ. ಇಷ್ಟು ದೊಡ್ಡ ಜಗಳದಲ್ಲೂ ದರ್ಜೆ 11ರಿಂದ 12ಕ್ಕೆ ಹೋಗುತ್ತದೆ, ಅಷ್ಟೆ.

---

ತಾರಾಪಥಿಕ

ಬಹಳ ಉಪಕಾರ. ಕೆಲವು ನೌಕೆಗಳ ಮೂರು ಆಯಾಮದ ಮಾದರಿ ನನ್ನಲ್ಲಿವೆ. ಬ್ಲೆಂಡರ್ ಎಂಬ 3ಡಿ ತಂತ್ರಾಂಶದಿಂದ ನೇರವಾಗಿ ಘನಫಲ ತೆಗೆಯಬಹುದೇ? ಇನ್ನೊಂದು, ಸರಕು ಎಳೆಯುವ ನೌಕೆಗಳನ್ನು ಎಳೆಯುವ ಹೊರೆಯೊಂದಿಗೆ ಅಳೆಯಬೇಕೋ?

---

ಘನಮೀಟರ್

ತೆಗೆಯಬಹುದು. 3ಡಿ ಪ್ರಿಂಟ್ ಟೂಲ್‌ಬಾಕ್ಸ್ ಆಡ್-ಆನ್‌ನಲ್ಲಿ ಘನಫಲದ ಗುಂಡಿ ಇದೆ. ಅದಕ್ಕೂ ಮೊದಲು ಮಾದರಿಯ ಸ್ಕೇಲ್ ಅಪ್ಲೈ ಮಾಡಿ. ಮೈಯಲ್ಲಿ ತೂತಿದ್ದರೆ ಅಥವಾ ಮುಖಗಳು ತಿರುಗುಮುರುಗಾಗಿದ್ದರೆ ಬರುವ ಅಂಕಿ ಸುಳ್ಳು. ರೆಕ್ಕೆಯನ್ನು ಒಡಲಿನೊಳಗೆ ತೂರಿಸಿ ಜೋಡಿಸದೆ ಬಿಟ್ಟಿದ್ದರೆ ಒಳಗಿರುವ ಭಾಗ ಎರಡು ಸಲ ಎಣಿಕೆಗೆ ಬರುತ್ತದೆ, ಬೂಲಿಯನ್ ಯೂನಿಯನ್ (ಭಾಗಗಳನ್ನು ಬೆಸೆದು ಒಂದೇ ಮೈ ಮಾಡುವುದು) ಮಾಡಿಯೇ ಅಳೆಯಿರಿ. ಆಟಕ್ಕೆಂದು ಮಾಡಿದ ಮಾದರಿಗಳಲ್ಲಿ ಈ ಮೂರೂ ದೋಷ ಒಟ್ಟಿಗೆ ಇರುವುದು ಸಾಮಾನ್ಯ. ಹಾಗಾಗಿ ಪೆಟ್ಟಿಗೆ ಲೆಕ್ಕವನ್ನೂ ಪಕ್ಕದಲ್ಲಿಡಿ. ಎರಡರ ನಡುವೆ ಒಂದೂವರೆ ಪಟ್ಟಿಗಿಂತ ಹೆಚ್ಚು ಅಂತರ ಬಂದರೆ ಮೊದಲು ಮಾದರಿಯನ್ನು ಪರೀಕ್ಷಿಸಿ.

ಎಳೆಯುವ ನೌಕೆಗೆ ಎರಡು ಸಾಲು ಬರೆಯಿರಿ, ಖಾಲಿ ಮತ್ತು ಹೊರೆ ಸಹಿತ. ದರ್ಜೆ ಖಾಲಿಯದಕ್ಕೆ. ಹೊರೆ ಸಹಿತದ ಸಾಲಿನಿಂದ ವೇಗ, ತಿರುಗುವ ಅಂಕಗಳನ್ನು ಮಾತ್ರ ತೆಗೆದುಕೊಳ್ಳಿ. ಅಲ್ಲಿ ಘನಫಲ ಸಾಲದು, ತೂಕವೇ ಬೇಕು: ಅದಿರು ತುಂಬಿದ ಪೆಟ್ಟಿಗೆಗೂ ಜಲಜನಕ ತುಂಬಿದ ಪೆಟ್ಟಿಗೆಗೂ ಜಾಗ ಒಂದೇ, ತೂಕದಲ್ಲಿ ಹತ್ತಾರು ಪಟ್ಟು ವ್ಯತ್ಯಾಸ. ದ್ರವ ಜಲಜನಕ ಘನ ಮೀಟರಿಗೆ 0.07 ಟನ್. ಮುಳುಗಿದ ಸಬ್‌ಮೆರೀನ್ ಸಮುದ್ರದ ನೀರಿನಷ್ಟೇ, 1.03 ಟನ್. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಸುಮಾರು 420 ಟನ್ ತೂಗುತ್ತದೆ, ಗಾಳಿ ತುಂಬಿದ ಜಾಗ ಸುಮಾರು 1,000 ಘನ ಮೀಟರ್, ಅಂದರೆ 0.4ರ ಹತ್ತಿರ. ತೂಕ ಎಲ್ಲೂ ಹೇಳಿರದ ನೌಕೆಗೆ ನಾಗರಿಕವಾದರೆ 0.3, ಕವಚವಿರುವ ಯುದ್ಧನೌಕೆಯಾದರೆ 0.8 ಹಾಕಿ, ಅದು ಊಹೆ ಎಂದು ಆ ಕೋಶಕ್ಕೆ ಬೇರೆ ಬಣ್ಣ ಕೊಡಿ.