ಅಪ್‌ಡೇಟ್: ಹಳೆಯ ಲ್ಯಾಪ್‌ಟಾಪಿಗೆ ವೈಫೈ ಬಂತು

ಡೆಬಿಯನ್ 12 (ಲಿನಕ್ಸ್ ಆಪರೇಟಿಂಗ್ ಸಿಸ್ಟಮ್) ಹಾಕಿದ ಮೇಲೆ 2010ರ ಲ್ಯಾಪ್‌ಟಾಪಿನಲ್ಲಿ ವೈಫೈ ಕಾಣುತ್ತಿಲ್ಲ ಎಂದು ಹೋದ ವಾರ ಇಲ್ಲಿ ಕೇಳಿದ್ದೆ. ನಿನ್ನೆ ರಾತ್ರಿ ಬಂತು! ಇದರ ಬ್ರಾಡ್‌ಕಾಮ್ ವೈಫೈ ಚಿಪ್ ನಡೆಸುವ ಬಿ43 ಡ್ರೈವರ್ ಕರ್ನಲ್‌ನಲ್ಲೇ (ಸಿಸ್ಟಮ್‌ನ ತಿರುಳಿನಲ್ಲೇ) ಇತ್ತು; ಇಲ್ಲದಿದ್ದದ್ದು ಫರ್ಮ್‌ವೇರ್, ಅಂದರೆ ಚಿಪ್‌ನೊಳಗೆ ಓಡುವ ಪುಟ್ಟ ತಂತ್ರಾಂಶ. ಲಾಗ್ (ಸಿಸ್ಟಮ್ ಬರೆದಿಡುವ ದಾಖಲೆ) ತೆರೆದಾಗ ಆ ಫರ್ಮ್‌ವೇರ್‌ನ 'ಯುಕೋಡ್15' ಕಡತ ಸಿಗಲಿಲ್ಲ ಎಂಬ ಸಾಲು ಕಣ್ಣಿಗೆ ಬಿತ್ತು. ಮರುಹಂಚಿಕೆಗೆ ಪರವಾನಗಿ ಇಲ್ಲದ್ದರಿಂದ ಡೆಬಿಯನ್ ಅದನ್ನು ಜೊತೆಗೆ ಕೊಡುವುದಿಲ್ಲ, ಅಂತರ್ಜಾಲದಿಂದಲೇ ಇಳಿಸಿಕೊಳ್ಳಬೇಕು. ವೈಫೈ ಇಲ್ಲದೆ ಅಂತರ್ಜಾಲ ಎಲ್ಲಿಂದ ತರುವುದು? ಮೊಬೈಲನ್ನು ಯುಎಸ್‌ಬಿ ವೈರಿನಿಂದ ಜೋಡಿಸಿ ಟೆದರಿಂಗ್ ಹಾಕಿದೆ, ಅಂದರೆ ಮೊಬೈಲಿನ ಅಂತರ್ಜಾಲವನ್ನೇ ಲ್ಯಾಪ್‌ಟಾಪಿಗೆ ಕೊಟ್ಟೆ. ಡೆಬಿಯನ್ನಿನ ತಂತ್ರಾಂಶ ಮೂಲಗಳ ಪಟ್ಟಿಗೆ ಕಾಂಟ್ರಿಬ್ ವಿಭಾಗ ಸೇರಿಸಿ, ಫರ್ಮ್‌ವೇರ್ ಇಳಿಸಿ ಹಾಕಿಕೊಡುವ 'ಫರ್ಮ್‌ವೇರ್-ಬಿ43-ಇನ್‌ಸ್ಟಾಲರ್' ಅಳವಡಿಸಿ, ರೀಬೂಟ್ ಮಾಡಿದೆ. ಕೀಲಿಮಣೆಯ ಮೇಲಿನ ಪುಟ್ಟ ನೀಲಿ ದೀಪ ಹೊತ್ತಿಕೊಂಡಿತು.

ಬಳ್ಳಾರಿಯ ಕೌಲ್ ಬಜಾರಿನಲ್ಲಿ ತೋರಿಸಿದಾಗ ಹೊಸದನ್ನೇ ಕೊಳ್ಳಿ ಎಂದಿದ್ದರು. ಇವತ್ತು ಮಗಳು ಇದರಲ್ಲೇ ಪಿಯುಸಿ ಪಾಠ ನೋಡಿದಳು. ಟೆದರಿಂಗ್ ಉಪಾಯ ಹೇಳಿಕೊಟ್ಟ ಅಣ್ಣನವರಿಗೆ ನಾನು ಋಣಿ.