ಒಂದೇ ಸೀಟು ಇಬ್ಬರಿಗೆ ಹೋಗದಂತೆ ಆಗಿನವರು ಹೇಗೆ ತಡೆದರು?

ಕಲಬುರಗಿ_ಕೋಡಿಗ:
ಇಂಜಿನಿಯರಿಂಗ್ ಕೊನೇ ವರ್ಷ. ಬೀದರ್–ಹುಮನಾಬಾದ್–ಕಲಬುರಗಿ–ಬೆಂಗಳೂರು ರಾತ್ರಿ ಬಸ್ಸಿಗೆ ಸೀಟು ಬುಕಿಂಗ್ ಪ್ರಾಜೆಕ್ಟ್ ಮಾಡ್ತಿದ್ದೇನೆ. ನಾನೂ ಗೆಳೆಯನೂ ಎರಡು ಫೋನಿಂದ ಒಟ್ಟಿಗೆ ಒತ್ತಿದರೆ ಇಬ್ಬರಿಗೂ 7ನೇ ಸೀಟು ಸಿಕ್ಕಿಬಿಡುತ್ತದೆ! ಬೇರೆಯವರು ಬರೆದಿಟ್ಟ ರೆಡಿಮೇಡ್ ಕೋಡ್ ಲೈಬ್ರರಿ ಬೇಡ. ನೆಟ್ ಹೊಸದಿದ್ದಾಗ ಕಟ್ಟಿದವರು ಏನು ಮಾಡಿದ್ರು?

ಹಳೇ_ಸರ್ವರ್, ಬೀದರ್:
ತಮ್ಮಾ, 2004ರ ಸುಮಾರಿಗೆ ಇಲ್ಲಿಯ ಒಂದು ಟ್ರಾವೆಲ್ಸ್‌ಗೆ ಇಂಥದ್ದೇ ಕಟ್ಟಿದ್ದೆ, ಮೊದಲ ವಾರ ನನಗೂ ಇದೇ ಗತಿ. ನೀನು ಮೊದಲು ಸೀಟು ಖಾಲಿ ಇದೆಯಾ ಅಂತ ಕೇಳ್ತೀಯ, ಆಮೇಲೆ ಬರೀತೀಯ, ಆ ಸಂದಿಯಲ್ಲಿ ಇನ್ನೊಬ್ಬ ನುಗ್ಗುತ್ತಾನೆ. ಎರಡನ್ನೂ ಒಂದೇ ಏಟಿಗೆ ಮಾಡು: ‘ಖಾಲಿ ಇದ್ದರೆ ಮಾತ್ರ ನನ್ನ ಹೆಸರಿಗೆ ಬರಿ’ ಅಂತ ಡೇಟಾಬೇಸಿಗೆ ಹೇಳಿ, ಅದರ ಟೇಬಲ್‌ನಲ್ಲಿ ಎಷ್ಟು ಸಾಲು ಬದಲಾಯ್ತು ನೋಡು (ಒಂದು ಸೀಟಿಗೆ ಒಂದು ಸಾಲು). 1 ಬಂದರೆ ನಿನ್ನದು. 0 ಬಂದರೆ ಹೋಯ್ತು. ಟಿಕೆಟ್ ಬರೆಯೋ ಟೇಬಲ್‌ನಲ್ಲಿ ತಾರೀಖು, ಬಸ್ಸು, ಸೀಟು ನಂಬರ್ ಮೂರನ್ನೂ ಸೇರಿಸಿ ಯೂನಿಕ್ ಮಾಡಿಡು, ಅಂದ್ರೆ ಅದೇ ಮೂರು ಎರಡನೇ ಸಲ ಬರದಂತೆ, ಕೋಡ್ ತಪ್ಪಿದರೂ ಡೇಟಾಬೇಸ್ ಬಿಡೋದಿಲ್ಲ.

ಅದು ಸುಲಭದ ಕೆಲಸ. ನನ್ನ ನಿದ್ದೆ ಕೆಡಿಸಿದ್ದು ಹುಮನಾಬಾದ್ ಏಜೆಂಟರ ನೋಟ್‌ಬುಕ್! ಅವರಲ್ಲಿ ನೆಟ್ ಇರಲಿಲ್ಲ, ಫೋನಲ್ಲಿ ‘ಎರಡು ಸೀಟು ಬರ್ಕೊಳ್ರಿ’ ಅನ್ನೋರು, ನಮ್ಮ ಆಫೀಸಿನ ಹುಡುಗ ಚಾರ್ಟ್‌ನಲ್ಲಿ ಬರೆದು ಕಂಪ್ಯೂಟರಿಗೆ ಹಾಕೋದು ಮರೆಯೋನು. ಕೊನೆಗೆ ಅವರಿಗೆ 4 ಸೀಟಿನ ಕೋಟಾ ಕೊಟ್ಟು, ಆ ಸೀಟುಗಳನ್ನು ವೆಬ್‌ಸೈಟಿನಿಂದಲೇ ತೆಗೆದೆವು. ಸಂಜೆ 5ಕ್ಕೆ ಉಳಿದದ್ದು ಎಲ್ಲರಿಗೆ.

ವಾಡಿ_ಜಂಕ್ಷನ್:
ಈ ತಲೆನೋವು ನೆಟ್‌ಗಿಂತ ಹಳೇದು ರೀ. ಅಮೆರಿಕನ್ ಏರ್‌ಲೈನ್ಸ್ ಮೊದಲು ಕಾರ್ಡುಗಳಲ್ಲೇ ಸೀಟು ಲೆಕ್ಕ ಇಡ್ತಿತ್ತು. ಆಮೇಲೆ ಕಂಪ್ಯೂಟರ್ ಕಂಪನಿ ಐಬಿಎಂ ಜೊತೆ ಸೇಬರ್ ಅನ್ನೋ ಸೀಟು ಬುಕಿಂಗ್ ಸಿಸ್ಟಮ್ ಕಟ್ಟಿತು, 1964ರ ಹೊತ್ತಿಗೆ ಇಡೀ ಜಾಲ ಸಿದ್ಧ. ಏಜೆಂಟರು ಎಲ್ಲೇ ಇರಲಿ, ಲೆಕ್ಕ ಒಂದೇ ಕಡೆ. ನಮ್ಮ ರೈಲ್ವೆಯಲ್ಲಿ ಕಂಪ್ಯೂಟರ್ ರಿಸರ್ವೇಶನ್ 1985ರಲ್ಲಿ ದೆಹಲಿಯಿಂದ ಶುರು. 2002ರಲ್ಲಿ ಐಆರ್‌ಸಿಟಿಸಿ ಬಂದಾಗ ಬೇರೆ ಚಾರ್ಟ್ ಇಟ್ಟುಕೊಳ್ಳಲಿಲ್ಲ, ಅದೇ ಸಿಸ್ಟಮ್‌ಗೆ ಇನ್ನೊಂದು ಕೌಂಟರ್ ಇದ್ದ ಹಾಗೆ. ತಮಾಷೆ ಅಂದರೆ ಟಿಕೆಟ್ ಕೊರಿಯರ್‌ನಲ್ಲಿ ಬರ್ತಿತ್ತು! ಇ-ಟಿಕೆಟ್ ಬಂದದ್ದು 2005ರಲ್ಲಿ.

ಕಲಬುರಗಿ_ಕೋಡಿಗ:
0 ಬಂತು ಸರ್, ಗೆಳೆಯ ಮುಖ ಊದಿಸಿಕೊಂಡಿದ್ದಾನೆ. ದುಡ್ಡು ಕಟ್ಟೋವರೆಗೆ ಸೀಟು ಹಿಡಿದಿಡೋದು ಹೇಗೆ?

ಹಳೇ_ಸರ್ವರ್, ಬೀದರ್:
ಸೀಟಿನ ಸಾಲಲ್ಲೇ ‘ಹೋಲ್ಡ್’ ಅಂತ ಬರೆದು, ಮುಗಿಯೋ ಸಮಯ ಹಾಕು. ಡೇಟಾಬೇಸ್ ಲಾಕ್ (ಬೇರೆ ಯಾರೂ ಮುಟ್ಟದಂತೆ ಹಾಕೋ ಬೀಗ) ಹಿಡ್ಕೊಂಡು ಕೂರಬೇಡ, ಗಿರಾಕಿ ಕಾರ್ಡ್ ಹುಡುಕೋಕೆ ಒಳಗೆ ಹೋದ ಅಂದ್ರೆ ಬುಕಿಂಗೇ ನಿಂತುಬಿಡುತ್ತದೆ. ನಾವು 10 ನಿಮಿಷ ಕೊಡ್ತಿದ್ದೆವು. ಬ್ಯಾಂಕಿನಿಂದ ಉತ್ತರ ಬರಲಿಲ್ಲವಾ? ಅದೇ ಆರ್ಡರ್ ನಂಬರ್ ಹಿಡಿದು ಮತ್ತೆ ಕೇಳು. ತಡವಾಗಿ ದುಡ್ಡು ಬಂದು, ಸೀಟು ಬೇರೆಯವರಿಗೆ ಹೋಗಿದ್ದರೆ ಸುಮ್ನೆ ವಾಪಸ್ ಕಳಿಸು.

ಶಹಾಪುರದ_ಅಕ್ಕ:
ಹೆಂಗಸರ ಪಕ್ಕದ ಸೀಟು ಗಂಡಸರಿಗೆ ಹೋಗಬಾರದು ಅಲ್ವಾ? 7 ಒಬ್ಬ ಹುಡುಗಿ, 8 ಒಬ್ಬ ಗಂಡಸು ಒಂದೇ ಕ್ಷಣಕ್ಕೆ ಒತ್ತಿದರೆ ಇಬ್ಬರಿಗೂ 1 ಬರುತ್ತದೆ.

ಹಳೇ_ಸರ್ವರ್, ಬೀದರ್:
ಅಕ್ಕಾ, ನಾನು ಇದನ್ನು ಕಲಿತದ್ದು ಗಿರಾಕಿಯ ತಂದೆಯಿಂದ ಬೈಸಿಕೊಂಡ ಮೇಲೆ. ಜೋಡಿ ಸೀಟು ಎರಡನ್ನೂ ಸೇರಿಸಿ ಡೇಟಾಬೇಸಿನಲ್ಲಿ ಒಂದೇ ಸಾಲು ಮಾಡಬೇಕು, ಹೋಲ್ಡ್ ಆ ಸಾಲಿನ ಮೇಲೆ, ಆಗ ಇಬ್ಬರಲ್ಲಿ ಒಬ್ಬರಿಗೇ 1 ಬರುತ್ತದೆ.